ನಮ್ಮೂರ ಡೈರಿ: ವಯಸ್ಸಾದವರ ಕಡೆಯಿಂದ ನೋಡಿದರೆ ಹೇಗಿದೆ?

ಪಾಂಡವಪುರ ತಾಲ್ಲೂಕಿನ ನಮ್ಮೂರಲ್ಲಿ ಒಂದು ಹಾಲು ಉತ್ಪಾದಕರ ಸಹಕಾರ ಸಂಘ ಇದೆ. ಊರವರ ಬಾಯಲ್ಲಿ ಅದು ಡೈರಿ. ಅದರ ಎದುರಿಗೇ ವ್ಯವಸಾಯ ಸೇವಾ ಸಹಕಾರ ಸಂಘ ಇದೆ. ಅದು ಸೊಸೈಟಿ. ಹಾಲಿನ ರೇಟು ಎಷ್ಟು, ಗೊಬ್ಬರ ಸಿಗುತ್ತಾ ಅಂತ ಈ ಎರಡರ ಬಗ್ಗೆ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ. ನನ್ನ ಪ್ರಶ್ನೆ ಬೇರೆ. ಅಪ್ಪನಿಗೆ 76, ಅವ್ವನಿಗೆ 70. ನಾನು ಮೈಸೂರಿನ ಕುವೆಂಪುನಗರದಲ್ಲಿದ್ದೇನೆ, ತಮ್ಮ ಬೆಂಗಳೂರಿನಲ್ಲಿ. ಊರಲ್ಲಿ ಅವರಿಬ್ಬರೇ. ಅವರಿಬ್ಬರ ದಿನ ಸಾಗಲು ಈ ಸಂಘಗಳು ಎಷ್ಟು ಆಸರೆ? ನನಗೆ ಬೇಕಿರುವ ಉತ್ತರ ಅದು.

ಮೊದಲೇ ಹೇಳಿಬಿಡುತ್ತೇನೆ. ಡೈರಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಸೊಸೈಟಿಗೆ ಎರಡೂವರೆ. ಡೈರಿಗೆ ಆ ಒಂದು ಅಂಕ ಯಾಕೆ ಕಡಿಮೆ ಅನ್ನುವುದನ್ನು ಕೊನೆ ತನಕ ಓದಿ, ಅದು ಸಣ್ಣ ಕಾರಣವಲ್ಲ.

ಬೆಳಿಗ್ಗೆ ಆರಕ್ಕೆ ಡೈರಿ ಬಾಗಿಲು ತೆಗೆಯುತ್ತಾರೆ. ಆರೂಕಾಲಿಗೆಲ್ಲ ಅವ್ವ ಸ್ಟೀಲ್ ಕ್ಯಾನು ಹಿಡಿದು ಹೊರಡುತ್ತಾಳೆ. ಮನೆಯಲ್ಲಿರುವುದು ಒಂದೇ ಸೀಮೆ ಹಸು. ಅರ್ಧ ಲೀಟರ್ ಕಾಫಿಗೆ, ಮೊಸರಿಗೆ ಇಟ್ಟುಕೊಂಡು ಉಳಿದದ್ದನ್ನು ಹಾಕಿ ಬರುತ್ತಾಳೆ. ಸಂಜೆ ಮತ್ತೆ ಅದೇ. ಸಾಲಿನಲ್ಲಿ ನಿಂತವರನ್ನು ಒಮ್ಮೆ ನೋಡಬೇಕು ನೀವು. ಹೆಚ್ಚಿನವರು ಅರವತ್ತು ದಾಟಿದವರು. ಹುಡುಗರು ಮೈಸೂರಿನ ಫ್ಯಾಕ್ಟರಿಗಳಿಗೋ ಬೆಂಗಳೂರಿಗೋ ಹೋಗಿದ್ದಾರೆ. ಹಸು ಕಟ್ಟಿಕೊಂಡು ಉಳಿದವರು ಅಪ್ಪ ಅವ್ವಂದಿರು. 2011ರ ಜನಗಣತಿಯಲ್ಲೇ ಕರ್ನಾಟಕದಲ್ಲಿ ಅರವತ್ತು ದಾಟಿದವರು ನೂರಕ್ಕೆ ಒಂಬತ್ತಕ್ಕಿಂತ ಜಾಸ್ತಿ ಇದ್ದರು. ನಮ್ಮೂರ ಹಾಲಿನ ಸಾಲಿನಲ್ಲಿ ಲೆಕ್ಕ ಹಾಕಿದರೆ ಅದು ಎಲ್ಲಿಗೋ ಹೋಗುತ್ತದೆ.

ಹಾಲು ಅಳೆಯುವ ಟೆಸ್ಟರ್ ನಮ್ಮೂರ ಹುಡುಗಿಯೇ, ಪಿಯುಸಿ ಓದಿದವಳು. ಕ್ಯಾನಿನ ಹಾಲನ್ನು ಸೌಟಿನಲ್ಲಿ ಒಂದು ಸುತ್ತು ಕಲಕುತ್ತಾಳೆ. ಪುಟ್ಟ ಬಾಟಲಿಗೆ ಸ್ಯಾಂಪಲ್ ತೆಗೆದು ಮೆಷಿನ್ನಿನ ಕೊಳವೆಗೆ ಹಿಡಿಯುತ್ತಾಳೆ. ಅಷ್ಟರಲ್ಲಿ ಉಳಿದ ಹಾಲು ತೂಕಕ್ಕೆ ಹೋಗಿರುತ್ತದೆ. ಫ್ಯಾಟು 3.5, ಎಸ್‌ಎನ್‌ಎಫ್ 8.5 ಇದ್ದರೆ ನೆಮ್ಮದಿ. ಫ್ಯಾಟು ಅಂದರೆ ಕೊಬ್ಬು, ಎಸ್‌ಎನ್‌ಎಫ್ ಅಂದರೆ ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ. ಆಮೇಲೆ ಚೀಟಿ ಬರುತ್ತದೆ. ಆ ಚೀಟಿಯ ಅಕ್ಷರ ಎಷ್ಟು ಸಣ್ಣದೆಂದರೆ ನನಗೇ ಓದಲು ಕಷ್ಟ, ಅದರ ಮೇಲೆ ಶಾಯಿಯೂ ಮಸುಕು. ಈ ಹುಡುಗಿ ಏನು ಮಾಡುತ್ತಾಳೆ ಗೊತ್ತಾ? ವಯಸ್ಸಾದವರು ಬಂದರೆ ಚೀಟಿ ಸುಮ್ನೆ ಕೈಗೆ ಕೊಟ್ಟು ಕಳಿಸುವುದಿಲ್ಲ. ಗಟ್ಟಿಯಾಗಿ ಓದಿ ಹೇಳುತ್ತಾಳೆ. ‘ದೊಡ್ಡವ್ವ, ಫ್ಯಾಟು ಮೂರು ಎಂಟು, ಹಾಲು ನಾಲ್ಕು ಇನ್ನೂರು. ನಿನ್ನೆಗಿಂತ ಕಮ್ಮಿ ಕಣವ್ವ, ಹಸಕ್ಕೆ ಹಿಂಡಿ ಕಮ್ಮಿ ಮಾಡಿದ್ರಾ?’ ಅವ್ವ ಅಲ್ಲಿಯೇ ನಿಂತು ಉತ್ತರ ಹೇಳುತ್ತಾಳೆ. ಹಿಂದೆ ನಿಂತವರೂ ಮಾತು ಸೇರಿಸುತ್ತಾರೆ. ಯಾರ ಮಂಡಿ ನೋವು ಹೇಗಿದೆ, ಯಾರ ಮಗಳು ಬಂದಿದ್ದಾಳೆ, ಯಾರಿಗೆ ಜ್ವರ ಅಂತ ಎಲ್ಲ ಸುದ್ದಿಯೂ ಹಾಲು ಕ್ಯಾನಿನಿಂದ ಇಳಿಯುವಷ್ಟರಲ್ಲಿ ಮುಗಿದಿರುತ್ತದೆ.

ಹೋದ ಮಳೆಗಾಲದಲ್ಲಿ ಒಂದು ಸಂಜೆ ಈ ಹುಡುಗಿ ನನಗೆ ಫೋನ್ ಮಾಡಿದಳು. ‘ಅಕ್ಕ, ನಿಮ್ಮವ್ವ ಇವತ್ತು ಎರಡೊತ್ತೂ ಹಾಲು ತರ್ನಿಲ್ಲ. ಫೋನೂ ಎತ್ತಾ ಇಲ್ಲ. ನಮ್ಮ ತಮ್ಮನ್ನ ಮನೆ ತಾವ ಕಳ್ಸಿದ್ದೀನಿ.’ ಅಪ್ಪ ನೆಂಟರ ಮದುವೆಗೆ ಅಂತ ನಾಗಮಂಗಲಕ್ಕೆ ಹೋಗಿದ್ದರು. ಆ ಹುಡುಗ ಹೋಗಿ ನೋಡಿದರೆ ಅವ್ವ ಜ್ವರದಲ್ಲಿ ಮಲಗಿದ್ದಾಳೆ, ಕೊಟ್ಟಿಗೆಯಲ್ಲಿ ಹಸು ಒಂದೇ ಸಮ ಕೂಗುತ್ತಿದೆ. ಅವನೇ ಬೈಕಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಕರೆದುಕೊಂಡು ಹೋದ. ಅವನ ತಾಯಿ ಬಂದು ಹಾಲು ಕರೆದು ಹಸುವಿಗೆ ಮೇವು ಹಾಕಿದರು. ನಾನು ಮೈಸೂರಿನಿಂದ ಹೋಗಿ ಮುಟ್ಟುವಷ್ಟರಲ್ಲಿ ಅವ್ವ ಗಂಜಿ ಕುಡಿದು ಕೂತಿದ್ದಳು.

ಈ ಕೆಲಸ ಸಂಘದ ಬೈಲಾದಲ್ಲಿ ಇಲ್ಲ. ಯಾವ ಯೋಜನೆಯಲ್ಲೂ ಇಲ್ಲ. ಆದರೆ ದಿನಕ್ಕೆ ಎರಡು ಸಲ ಊರಿನ ಎಲ್ಲ ವಯಸ್ಸಾದವರನ್ನೂ ಕಣ್ಣಾರೆ ನೋಡುವ, ಬಂದರೋ ಇಲ್ಲವೋ ಅಂತ ಲೆಕ್ಕ ಇಡುವ ಜಾಗ ಹಳ್ಳಿಯಲ್ಲಿ ಇನ್ನೊಂದಿದೆಯಾ ಹೇಳಿ. ಅಂಗನವಾಡಿ ಮಕ್ಕಳನ್ನು ನೋಡುತ್ತದೆ. ಆಶಾ ಕಾರ್ಯಕರ್ತೆಗೆ ಬಸುರಿ ಬಾಣಂತಿಯರ ಕೆಲಸವೇ ತಲೆ ತುಂಬ ಇರುತ್ತದೆ. ಮುದುಕರ ಹಾಜರಿ ಬರೆಯುವುದು ಡೈರಿ ಮಾತ್ರ. ಅದೂ ಹಾಲಿನ ಲೆಕ್ಕದ ನೆಪದಲ್ಲಿ.

ಮೈಸೂರಿನಲ್ಲಿ ಹಿರಿಯರ ಆರೈಕೆಗೆ ಅಂತಲೇ ಇರುವ ಖಾಸಗಿ ಸೇವೆಗಳನ್ನು ನಾನು ವಿಚಾರಿಸಿದ್ದೆ. ದಿನಕ್ಕೊಮ್ಮೆ ಫೋನ್ ಮಾಡುತ್ತಾರಂತೆ, ವಾರಕ್ಕೊಮ್ಮೆ ಬಂದು ಬಿಪಿ ನೋಡುತ್ತಾರಂತೆ. ತಿಂಗಳಿಗೆ ಕೇಳುವ ದುಡ್ಡು ಅಪ್ಪನ ಗದ್ದೆಯ ಆದಾಯಕ್ಕಿಂತ ಜಾಸ್ತಿ. ಅಷ್ಟು ಕೊಡುತ್ತೇವೆ ಅಂದರೂ ನಮ್ಮೂರ ತನಕ ಬರಲು ಒಬ್ಬರೂ ಒಪ್ಪಲಿಲ್ಲ. ರಿಂಗ್ ರೋಡ್ ದಾಟಿದರೆ ಆಗುವುದಿಲ್ಲ ಅಂದರು.

ಇನ್ನು ದುಡ್ಡಿನ ವಿಷಯ. ಹದಿನೈದು ದಿನಕ್ಕೊಮ್ಮೆ ಬಟವಾಡೆ. ದುಡ್ಡು ನೇರವಾಗಿ ಅವ್ವನ ಖಾತೆಗೆ. ಸರ್ಕಾರದ ಪ್ರೋತ್ಸಾಹಧನ ಲೀಟರಿಗೆ 5 ರೂಪಾಯಿ, ಅದು ಬೇರೆಯಾಗಿ ಬರುತ್ತದೆ. ಗೃಹಲಕ್ಷ್ಮಿಯ 2,000 ಬಂದಾಗ ಅವ್ವ ‘ಸರ್ಕಾರದ ದುಡ್ಡು ಬಂತು’ ಅನ್ನುತ್ತಾಳೆ. ಬಟವಾಡೆ ಬಂದಾಗ ‘ನನ್ನ ದುಡ್ಡು ಬಂತು’ ಅನ್ನುತ್ತಾಳೆ. ಎರಡೂ ಬೇಕು, ಎರಡೂ ಒಳ್ಳೆಯದೇ. ಆದರೆ ಎಪ್ಪತ್ತರ ಹೆಂಗಸೊಬ್ಬಳು ಮಗಳ ಮುಂದೆ, ಮಗನ ಮುಂದೆ ಕೈ ಚಾಚದೆ ಮೊಮ್ಮಗಳಿಗೆ ಬಳೆ ತರುತ್ತಾಳಲ್ಲ, ಆ ಗತ್ತು ಬರುವುದು ಬಟವಾಡೆಯಿಂದ. ಹಸು ಮಾರಿಬಿಡು ಅಂತ ನಾನು ಒಂದು ಮಾತೂ ಹೇಳದೆ ಇರುವುದಕ್ಕೆ ಅದೇ ಕಾರಣ.

ಡೈರಿಯ ಇನ್ನೊಂದು ಒಳ್ಳೆಯ ಕೆಲಸ ಹಿಂಡಿ ಮೂಟೆಯದು. ಐವತ್ತು ಕಿಲೋ ಫೀಡ್ ಮೂಟೆಯನ್ನು ಈ ವಯಸ್ಸಿನವರು ಹೇಗೆ ಹೊತ್ತುಕೊಂಡು ಹೋಗಬೇಕು? ಮೊದಲೆಲ್ಲ ಯಾರಾದರೂ ಹುಡುಗರನ್ನು ಕಾಡಿ ಬೇಡಿ ತರಿಸಬೇಕಿತ್ತು. ಈಗ ಸೆಕ್ರೆಟರಿ ವಾರಕ್ಕೊಮ್ಮೆ ಒಂದು ಗೂಡ್ಸ್ ಆಟೋ ಗೊತ್ತು ಮಾಡಿದ್ದಾರೆ. ಮೂಟೆಗೆ 20 ರೂಪಾಯಿ ಜಾಸ್ತಿ, ಕೊಟ್ಟಿಗೆ ಬಾಗಿಲಿಗೇ ಇಳಿಸಿ ಹೋಗುತ್ತಾರೆ. ದುಡ್ಡು ಆಗಲೇ ಕೊಡಬೇಕಾಗಿಲ್ಲ, ಬಟವಾಡೆಯಲ್ಲಿ ಮುರಿದುಕೊಳ್ಳುತ್ತಾರೆ. ಇದಕ್ಕೆ ಮೇಲಿನಿಂದ ಆದೇಶ ಬಂದಿರಲಿಲ್ಲ. ಕೆಳಗಲಬೀದಿಯ ಹೆಂಗಸರು ಸಾಮಾನ್ಯ ಸಭೆಯಲ್ಲಿ ಎದ್ದು ನಿಂತು ಕೇಳಿದರು, ಆಯಿತು. ಸಹಕಾರ ಸಂಘ ಅಂದರೆ ಹೀಗೇ ಇರಬೇಕು ಅಂತ ಆಗ ಅನ್ನಿಸಿತು. ಅಂಗಡಿಯವನಿಗೆ ನಾವು ಗಿರಾಕಿಗಳು. ಡೈರಿಯಲ್ಲಿ ಅಪ್ಪ ಅವ್ವನ ಹೆಸರಲ್ಲಿ ಷೇರು ಇದೆ, ಕೇಳುವ ಹಕ್ಕು ಇದೆ.

ಯಶಸ್ವಿನಿ ಬಗ್ಗೆ ಬರೆಯದಿದ್ದರೆ ಈ ವಿಮರ್ಶೆ ಅರ್ಧವಾಗುತ್ತದೆ. ಸಹಕಾರ ಸಂಘದ ಸದಸ್ಯರಿಗೆ ಅಂತಲೇ 2003ರಲ್ಲಿ ಶುರುವಾದ ಆರೋಗ್ಯ ಯೋಜನೆ ಇದು. ಡಾ. ದೇವಿ ಶೆಟ್ಟಿ ಅವರ ಕಲ್ಪನೆ. 2018ರಲ್ಲಿ ಬೇರೆ ಯೋಜನೆಯಲ್ಲಿ ಸೇರಿಹೋಗಿ ಈ ಹೆಸರೇ ಇಲ್ಲವಾಗಿತ್ತು. 2022-23ರ ಬಜೆಟ್‌ನಲ್ಲಿ ಮತ್ತೆ ಘೋಷಿಸಿ, 2023ರ ಜನವರಿಯಿಂದ ಚಿಕಿತ್ಸೆ ಕೊಡಲು ಶುರು ಮಾಡಿದರು. ಹಳ್ಳಿಯ ಸದಸ್ಯರಿಗೆ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ ವಂತಿಗೆ ಇಟ್ಟರು. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ.

ಅಪ್ಪನಿಗೆ ಹರ್ನಿಯಾ ಇತ್ತು. ಎಷ್ಟು ವರ್ಷದಿಂದ ಇತ್ತೋ, ನಮಗೆ ಹೇಳಿರಲೇ ಇಲ್ಲ. ಟವೆಲ್ ಬಿಗಿಯಾಗಿ ಕಟ್ಟಿಕೊಂಡು ಗದ್ದೆಗೆ ಹೋಗುತ್ತಿದ್ದರು. ನಮ್ಮ ಕಡೆ ಅಪ್ಪಂದಿರೆಲ್ಲ ಹೀಗೇ ಅಲ್ವಾ? ನೋವು ಹೇಳಿದರೆ ಮಕ್ಕಳಿಗೆ ಖರ್ಚು ಅಂತ ಹಲ್ಲು ಕಚ್ಚಿಕೊಂಡು ಇರುತ್ತಾರೆ. ಡೈರಿಯಲ್ಲಿ ಯಶಸ್ವಿನಿ ಕಾರ್ಡಿಗೆ ಫೋಟೋ, ಆಧಾರ್ ಕೊಡುವಾಗ ಸೆಕ್ರೆಟರಿ ಅಪ್ಪನ ನಡಿಗೆ ನೋಡಿ ಕೇಳಿದ್ದಾರೆ. ‘ಯಾಕಣ್ಣ, ಹಿಂಗ್ ಕಾಲ್ ಎಳೀತಿದ್ದೀರಿ?’ ಅವರೇ ಒತ್ತಾಯ ಮಾಡಿ ನನಗೆ ಹೇಳಿಸಿದರು. ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಆಪರೇಷನ್ನಿಗೆ ದುಡ್ಡು ಕಟ್ಟಲಿಲ್ಲ. ಮೊದಲು ಮಾಡಿಸಿದ ಕೆಲವು ಪರೀಕ್ಷೆಗಳಿಗೆ ಮಾತ್ರ ಕೈಯಿಂದ ಹಾಕಿದೆವು. ಕೌಂಟರಿನಲ್ಲಿ ಯಾವುದು ಕಾರ್ಡಿಗೆ ಬರುತ್ತದೆ, ಯಾವುದು ಬರುವುದಿಲ್ಲ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳಿದರು. ಒಬ್ಬರೇ ಬಂದ ವಯಸ್ಸಾದವರಾಗಿದ್ದರೆ ಅಲ್ಲಿಂದಲೇ ವಾಪಸ್ ಹೋಗಿಬಿಡುತ್ತಿದ್ದರು.

ಕೊರತೆಯೂ ಇದೆ. ಯಶಸ್ವಿನಿ ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಮಾತ್ರ. ದಿನಾ ನುಂಗುವ ಬಿಪಿ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ ಅದರಲ್ಲಿ ಬರುವುದಿಲ್ಲ. ಈ ವಯಸ್ಸಿನಲ್ಲಿ ದುಡ್ಡು ತಿನ್ನುವುದು ಇವೇ. ನೋಂದಣಿಗೆ ವರ್ಷ ವರ್ಷ ಗಡುವು ಬೇರೆ ಇರುತ್ತದೆ, ತಪ್ಪಿದರೆ ಮುಂದಿನ ವರ್ಷದ ತನಕ ಕಾಯಬೇಕು. ನಮ್ಮ ಡೈರಿಯವರು ಗಡುವಿನ ವಿಷಯ ಹಾಲಿನ ಸಾಲಿನಲ್ಲೇ ಕೂಗಿ ಹೇಳುತ್ತಾರೆ. ಬೋರ್ಡಿಗೆ ಚೀಟಿ ಅಂಟಿಸಿ ಸುಮ್ಮನಾಗುವುದಿಲ್ಲ. ಇದಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ಎದುರಿನ ಸೊಸೈಟಿ ವಿಷಯ ಬೇಗ ಮುಗಿಸುತ್ತೇನೆ. ಬೆಳೆ ಸಾಲ, ಗೊಬ್ಬರ, ರೇಷನ್ ಮೂರೂ ಅಲ್ಲೇ. ಬಡ್ಡಿ ಇಲ್ಲದ ಬೆಳೆ ಸಾಲದ ಮಿತಿಯನ್ನು ಸರ್ಕಾರ 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಅಪ್ಪನಿಗೆ ಸಾಲ ಸಿಕ್ಕಿದೆ, ಅದರಲ್ಲಿ ತಕರಾರಿಲ್ಲ. ತಕರಾರು ಇರುವುದು ಮೆಟ್ಟಿಲಿನಲ್ಲಿ. ಎತ್ತರದ ಐದು ಮೆಟ್ಟಿಲು, ಹಿಡಿದುಕೊಳ್ಳಲು ಒಂದು ಕಂಬಿ ಇಲ್ಲ. ರೇಷನ್ ಕೊಡುವ ದಿನ ಬಿಸಿಲಿನಲ್ಲಿ ಸಾಲು, ಕೂರಲು ಬೆಂಚಿಲ್ಲ. ಹೆಬ್ಬೆಟ್ಟು ಇಟ್ಟರೆ ಮೆಷಿನ್ ತೆಗೆದುಕೊಳ್ಳುವುದಿಲ್ಲ. ಐವತ್ತು ವರ್ಷ ಕುಡುಗೋಲು ಹಿಡಿದು ಹುಲ್ಲು ಕೊಯ್ದ ಕೈ ಅದು. ಅವ್ವನ ಹೆಬ್ಬೆರಳನ್ನು ನಾನು ಬೆಳಕಿಗೆ ಹಿಡಿದು ನೋಡಿದ್ದೇನೆ. ಗೆರೆಯೆಲ್ಲ ಸವೆದು ನುಣ್ಣಗಾಗಿದೆ, ಉಗುರಿನ ಪಕ್ಕ ಹಳೆಯ ಗಾಯದ ಗುರುತು. ‘ಕೈ ತೊಳ್ಕೊಂಡ್ ಬನ್ನಿ ಅಜ್ಜಿ’ ಅನ್ನುತ್ತಾರೆ. ತೊಳೆದರೆ ಗೆರೆ ವಾಪಸ್ ಬರುತ್ತಾ? ಮೊಬೈಲಿಗೆ ಓಟಿಪಿ ಕಳಿಸಿ ಕೊಡುವ ದಾರಿ ಇದೆ. ಕೇಳಿದ ಮೇಲೆ ಕೊಟ್ಟರು. ಕೇಳಲು ಗೊತ್ತಿಲ್ಲದವರು ಮರುದಿನ ಮತ್ತೆ ಬಂದರು. 80 ದಾಟಿದ ಹಿರಿಯರ ಮನೆಗೇ ರೇಷನ್ ತಲುಪಿಸುವ ‘ಅನ್ನ ಸುವಿಧಾ’ವನ್ನು 2024-25ರ ಬಜೆಟ್‌ನಲ್ಲಿ ಘೋಷಿಸಿದ್ದರು. ಆ ಯೋಜನೆಗೆ ಯಾರು ಸೇರಬಹುದು, ಹೇಗೆ ಅಂತ ಸೊಸೈಟಿಯವರೇ ಒಂದು ದಿನ ಮನೆ ಮನೆಗೆ ಹೋಗಿ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು.

ಇನ್ನೊಂದು ಆಸೆ. 2023ರಲ್ಲಿ ಕೇಂದ್ರ ಸರ್ಕಾರ ನಮ್ಮ ಸೊಸೈಟಿಯಂಥ ದೇಶದ 2,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳು, ಕಡಿಮೆ ಬೆಲೆಗೆ ಔಷಧಿ ಮಾರುವ ಜನೌಷಧಿ ಕೇಂದ್ರ ತೆರೆಯಬಹುದು ಅಂತ ತೀರ್ಮಾನ ಮಾಡಿತು. ನಮ್ಮ ಸೊಸೈಟಿಯಲ್ಲಿ ಯೂರಿಯಾ ಮೂಟೆ ಇಡುವ ಗೋಡೌನಿನ ಪಕ್ಕ ಒಂದು ಕೋಣೆ ಬೀಗ ಹಾಕಿಕೊಂಡೇ ಇದೆ. ಫಾರ್ಮಸಿ ಓದಿದ ಮಕ್ಕಳು ಊರಲ್ಲೇ ಇದ್ದಾರೆ. ಬಿಪಿ ಮಾತ್ರೆಗೆ ಪಾಂಡವಪುರಕ್ಕೆ ಬಸ್ ಹತ್ತಬೇಕಾದ ಊರಿನಲ್ಲಿ ಆ ಕೋಣೆಯ ಬೀಗ ತೆಗೆಯಬೇಕು ಅಂತ ನಾನು ಲಿಖಿತವಾಗಿ ಕೇಳಿದ್ದೇನೆ. ಅಧ್ಯಕ್ಷರು ‘ನೋಡಾನ ಬುಡವ್ವ’ ಅಂದಿದ್ದಾರೆ. ಮತ್ತೆ ಕೇಳುತ್ತೇನೆ.

ಈಗ ಆ ಒಂದು ಅಂಕದ ವಿಷಯಕ್ಕೆ ಬರುತ್ತೇನೆ.

ನಮ್ಮ ಮನೆಯಿಂದ ನಾಲ್ಕನೇ ಮನೆಯಲ್ಲಿ ಒಬ್ಬ ದೊಡ್ಡಪ್ಪ ಇದ್ದಾರೆ. ಸಂಬಂಧದಲ್ಲಿ ಅಲ್ಲ, ಊರ ವರಸೆಯಲ್ಲಿ ದೊಡ್ಡಪ್ಪ. ಡೈರಿ ಶುರುವಾದಾಗ ಮನೆ ಮನೆ ಸುತ್ತಿ ಷೇರು ಎತ್ತಿದವರಲ್ಲಿ ಒಬ್ಬರು. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಒಂದು ಹಸು ನೋಡಿಕೊಂಡಿದ್ದರು. ಕೊಟ್ಟಿಗೆಯಲ್ಲಿ ಸಗಣಿ ಮೇಲೆ ಕಾಲು ಜಾರಿ ಬಿದ್ದು ಸೊಂಟಕ್ಕೆ ಪೆಟ್ಟಾಯಿತು. ಹಸು ಮಾರಿದರು. ಮಾರಿದ ಮರುದಿನದಿಂದ ಅವರ ಮನೆ ಕಡೆಗೆ ಡೈರಿಯ ಕಣ್ಣು ಹೋಗುವುದು ನಿಂತಿತು. ಹಾಲು ಇಲ್ಲ, ಚೀಟಿ ಇಲ್ಲ, ಬಟವಾಡೆ ಇಲ್ಲ. ಬೆಳಿಗ್ಗೆ ಎದ್ದು ಹೋಗಲು ಒಂದು ಜಾಗವೂ ಇಲ್ಲ. ಯಾರೂ ಬೇಕಂತ ಮಾಡಿದ್ದಲ್ಲ. ಅಲ್ಲಿ ಹಾಜರಿ ಬರೆಯುವುದು ಹಾಲಿಗೆ ತಾನೇ, ಹಾಲು ನಿಂತ ಕೂಡಲೇ ಹೆಸರೂ ನಿಂತುಹೋಯಿತು.

ಇದು ನಮ್ಮೂರ ಒಂದರ ತಪ್ಪಲ್ಲ, ನಿಯಮವೇ ಹಾಗಿದೆ. ಸದಸ್ಯರು ಸಭೆಗೆ ಬರಬೇಕು, ಸಂಘದ ಸೇವೆಯನ್ನು ಕನಿಷ್ಠ ಇಷ್ಟಾದರೂ ಬಳಸಬೇಕು, ಇಲ್ಲದಿದ್ದರೆ ಓಟಿನ ಹಕ್ಕು ಹೋಗುತ್ತದೆ. ಸಹಕಾರ ಸಂಘಗಳ ಬಗ್ಗೆ ಬಂದ 2011ರ 97ನೇ ಸಂವಿಧಾನ ತಿದ್ದುಪಡಿಯ ನಂತರ ನಮ್ಮ 1959ರ ಸಹಕಾರ ಕಾಯ್ದೆಗೂ ಇಂಥ ಷರತ್ತು ಬಂತು. ಉದ್ದೇಶ ಒಳ್ಳೆಯದೇ. ಹಾಲೇ ಹಾಕದವರು ಚುನಾವಣೆ ಸಮಯಕ್ಕೆ ಬಂದು ಓಟು ಹಾಕಿ ಹೋಗಬಾರದು ಅಂತ. ಆದರೆ ಮೂವತ್ತು ವರ್ಷ ಹಾಲು ಹಾಕಿ, ಈಗ ಕೈಲಾಗದೆ ನಿಲ್ಲಿಸಿದವರನ್ನೂ ಅದೇ ತಕ್ಕಡಿಯಲ್ಲಿ ತೂಗಬಾರದು. ಮನುಷ್ಯನಿಗೆ ಆಸರೆ ಬೇಕಾಗುವುದೇ ಕೈಲಾಗದೆ ಹೋದಾಗ. ನಮ್ಮ ಸಂಘ ಕೈ ಬಿಡುವುದೂ ಸರಿಯಾಗಿ ಆಗಲೇ.

ಕೆಲವು ಊರುಗಳಲ್ಲಿ ಜನ ಇದಕ್ಕೊಂದು ಉಪಾಯ ಮಾಡಿಕೊಂಡಿದ್ದಾರೆ. ಪಕ್ಕದ ಮನೆಯವರು ತಮ್ಮ ಹಾಲಿನಲ್ಲಿ ಸ್ವಲ್ಪವನ್ನು ವಯಸ್ಸಾದವರ ನಂಬರಿಗೆ ಹಾಕುತ್ತಾರೆ, ಸದಸ್ಯತ್ವ ಉಳಿಯಲಿ ಅಂತ. ಅವರ ಮನಸ್ಸು ದೊಡ್ಡದು. ಆದರೂ ಇದು ಕದ್ದು ಮಾಡಬೇಕಾದ ಕೆಲಸ ಆಗಬಾರದು. ಹಾಲು ಯಾರದು ಅನ್ನುವ ಲೆಕ್ಕ ತಪ್ಪಿದರೆ ನಾಳೆ ಟೆಸ್ಟರ್ ಹುಡುಗಿಯ ತಲೆಗೆ ಬರುತ್ತದೆ. ನೇರವಾಗಿ ಮಾಡಲು ದಾರಿ ಹುಡುಕಬೇಕು. ಇಷ್ಟು ವರ್ಷ ಹಾಲು ಹಾಕಿದವರು ಹಸು ಮಾರಿದರೂ ಹಿರಿಯ ಸದಸ್ಯರಾಗಿ ಉಳಿಯುತ್ತಾರೆ ಅಂತ ನಿಯಮ ಬರಲಿ. ಓಟು ಬೇಡ ಅಂದರೆ ಬೇಡ. ಯಶಸ್ವಿನಿ ಇರಲಿ, ವರ್ಷದ ಬೋನಸ್ಸಿನಲ್ಲಿ ಒಂದು ಸಣ್ಣ ಪಾಲು ಇರಲಿ, ಬೆಳಿಗ್ಗೆ ಹೆಸರು ಕರೆಯುವ ಪಟ್ಟಿಯಲ್ಲಿ ಹೆಸರಿರಲಿ.

ಹೋದ ಸಲದ ಸಾಮಾನ್ಯ ಸಭೆಯಲ್ಲಿ ಅಪ್ಪ ಇದನ್ನು ಎತ್ತಿದರು. ಹಿಂದಿನ ಸಾಲಿನಿಂದ ಯಾರೋ ‘ಹಾಲು ಹಾಕ್ದೆ ಇರೋರಿಗೆಲ್ಲ ಬೋನಸ್ ಕೊಟ್ರೆ ಹಾಕೋರ್ಗೆ ಏನ್ ಉಳೀತದೆ?’ ಅಂದರು. ಕೇಳಬೇಕಾದ ಪ್ರಶ್ನೆಯೇ. ಸಂಘದ ಲಾಭ ದೊಡ್ಡದಲ್ಲ. ಹಾಲು ತಂಪಾಗಿಡುವ ಬಿಎಂಸಿ ಕೂಲರಿನ ಕರೆಂಟ್ ಬಿಲ್, ಸಿಬ್ಬಂದಿ ಸಂಬಳ ಎಲ್ಲ ಅದರಲ್ಲೇ ಆಗಬೇಕು. ಆಗ ಕೆಳಗಲಬೀದಿಯ ಆ ಹೆಂಗಸರೇ ಮತ್ತೆ ಎದ್ದರು. ‘ದುಡ್ಡಿನ ಮಾತು ಆಮೇಲೆ ಆಡಾನ. ಅಯ್ಯ ಒಬ್ರೇ ಅವ್ರೆ. ದಿನಾ ಬೆಳಿಗ್ಗೆ ಯಾರಾದ್ರೂ ಒಬ್ರು ಹೋಗಿ ಮಾತಾಡ್ಸಿ ಬರಕ್ಕೆ ಎಷ್ಟ್ ದುಡ್ಡು ಬೇಕು?’ ಅಂದರು. ಸಭೆ ಸುಮ್ಮನಾಯಿತು. ಅವತ್ತಿನಿಂದ ಡೈರಿಯಲ್ಲಿ ಹಾಲಿನ ಪುಸ್ತಕದ ಜೊತೆ ಇನ್ನೊಂದು ನೋಟ್‌ಬುಕ್ ಇದೆ. ಅದರಲ್ಲಿ ಹಸು ಮಾರಿದ, ಒಂಟಿಯಾಗಿರುವ ಹಿರಿಯರ ಹೆಸರಿದೆ. ಅವರ ಬೀದಿಯಿಂದ ಹಾಲು ತರುವವರು ನೋಡಿಕೊಂಡು ಬಂದು ಹೇಳಬೇಕು, ಟೆಸ್ಟರ್ ಒಂದು ಟಿಕ್ ಹಾಕುತ್ತಾಳೆ. ದೊಡ್ಡಪ್ಪನ ಹೆಸರು ಅದರಲ್ಲಿ ಮೊದಲನೆಯದು. ನಿಯಮದ ಪ್ರಕಾರ ಅವರ ಸ್ಥಾನ ಏನು ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ. ಅದಕ್ಕೇ ನಾಲ್ಕು, ಐದಲ್ಲ.

ಇಷ್ಟೆಲ್ಲ ಹಾಲಿನ ಸಂಘದಿಂದ ಕೇಳುವುದು ಅತಿಯಾಯಿತು ಅನ್ನುವವರಿಗೆ ಒಂದು ವಿಷಯ ಹೇಳಬೇಕು. ಜಪಾನಿನ ನಾಗಾನೊ ಪ್ರಾಂತ್ಯದ ‘ಸಾಕು’ ಅನ್ನುವ ಊರಲ್ಲಿ ರೈತರ ಸಹಕಾರ ಸಂಘದ್ದೇ ಒಂದು ಆಸ್ಪತ್ರೆ ಇದೆ. ವಾಕಾಟ್ಸುಕಿ ತೋಶಿಕಾಜು ಅನ್ನುವ ಡಾಕ್ಟರು 1945ರಲ್ಲಿ ಅಲ್ಲಿಗೆ ಬಂದರು. ರೈತರು ನೋವು ತಡೆದುಕೊಂಡು ತಡೆದುಕೊಂಡು, ಕೈ ಮೀರಿದ ಮೇಲೆ ಬರುವುದನ್ನು ಅವರು ನೋಡಿದರು. ನಮ್ಮಪ್ಪನ ಟವೆಲ್ಲಿನ ಕತೆಯೇ. ಅವರು ಆಸ್ಪತ್ರೆಯಲ್ಲಿ ಕೂತು ಕಾಯಲಿಲ್ಲ. ನರ್ಸುಗಳನ್ನು ಕರೆದುಕೊಂಡು ಹಳ್ಳಿ ಹಳ್ಳಿಗೆ ಹೋದರು, ಆರೋಗ್ಯದ ವಿಷಯ ತಿಳಿಸಲು ನಾಟಕ ಆಡಿದರು. 1959ರಲ್ಲಿ ಯಾಚಿಹೊ ಅನ್ನುವ ಹಳ್ಳಿಯಲ್ಲಿ ಇಡೀ ಊರಿಗೆ ಆರೋಗ್ಯ ತಪಾಸಣೆ ಶುರು ಮಾಡಿದರು. 1976ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅಲ್ಲಿ ಸಂಘದ ಬೆನ್ನಿಗೆ ಆಸ್ಪತ್ರೆ ಇತ್ತು, ನಮ್ಮೂರ ಡೈರಿಗೆ ಅದಿಲ್ಲ ನಿಜ. ಆದರೆ ತಿಂಗಳಿಗೊಂದು ಬೆಳಿಗ್ಗೆ ಹಾಲಿನ ಸಾಲಿನ ಪಕ್ಕ ಒಂದು ಟೇಬಲ್ ಹಾಕಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರ್ ಕೂತು ಬಿಪಿ, ಸಕ್ಕರೆ ನೋಡಲು ಏನು ಅಡ್ಡಿ? ಜನ ಹೇಗೂ ಅಲ್ಲಿಗೆ ಬಂದೇ ಬರುತ್ತಾರೆ. ಕರೆಯುವ ಕೆಲಸವೂ ಇಲ್ಲ.

ನಮ್ಮ ನಾಡಿಗೂ ಇದು ಹೊಸದಲ್ಲ. ದೇಶದ ಮೊದಲ ಸಹಕಾರ ಸಂಘ ಅಂತ ಗುರುತಿಸುವುದೇ ಗದಗದ ಕಣಗಿನಹಾಳದ್ದನ್ನು, 1905ರಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ್ದು. ಆಗಿನ ರೈತರಿಗೆ ದೊಡ್ಡ ಕಷ್ಟ ಬಡ್ಡಿ ಸಾಲದ್ದು, ಸಂಘ ಅದನ್ನು ಹಿಡಿಯಿತು. ಈಗ ಹಳ್ಳಿಯ ದೊಡ್ಡ ಕಷ್ಟ ಒಂಟಿತನ, ಕೈಲಾಗದತನ. ಸಂಘ ಇದನ್ನೂ ಹಿಡಿಯಬೇಕು ಅಂತ ಕೇಳುವುದು ನನಗೆ ಅತಿ ಅನ್ನಿಸುವುದಿಲ್ಲ.

ನನ್ನ ಹಾಗೆ ಊರಲ್ಲಿ ಅಪ್ಪ ಅವ್ವನನ್ನು ಬಿಟ್ಟು ಪಟ್ಟಣದಲ್ಲಿ ಇರುವವರಿಗೆ ಒಂದೆರಡು ಮಾತು. ಡೈರಿಯ ಸೆಕ್ರೆಟರಿ, ಟೆಸ್ಟರ್ ಇಬ್ಬರ ನಂಬರೂ ನಿಮ್ಮ ಮೊಬೈಲಿನಲ್ಲಿ ಇರಲಿ, ನಿಮ್ಮ ನಂಬರ್ ಅವರ ಹತ್ತಿರ ಇರಲಿ. ಹಬ್ಬಕ್ಕೆ ಹೋದಾಗ ಐದು ನಿಮಿಷ ಡೈರಿ ಮುಂದೆ ನಿಂತು ಮಾತಾಡಿ ಬನ್ನಿ. ಷೇರಿಗೆ ನಾಮಿನಿ ಯಾರು ಅಂತ ಕೇಳಿ. ಸದಸ್ಯತ್ವ ಅಪ್ಪನ ಹೆಸರಲ್ಲಿದ್ದು ಹಾಲು ಅವ್ವ ಹಾಕುತ್ತಿದ್ದರೆ, ಅಪ್ಪ ಇರುವಾಗಲೇ ಹೆಸರು ಬದಲಾಯಿಸುವ ದಾರಿ ಕೇಳಿಕೊಳ್ಳಿ. ಆಮೇಲಾದರೆ ಮರಣ ಪತ್ರ, ವಂಶವೃಕ್ಷ ಅಂತ ನಾಡಕಚೇರಿ ಸುತ್ತಬೇಕಾಗುತ್ತದೆ. ಆ ಹೊತ್ತಿನಲ್ಲಿ ಅವ್ವನಿಗೆ ಅದು ಬೇಕಾ? ಯಶಸ್ವಿನಿ ಗಡುವು ಯಾವಾಗ ಅಂತ ನೀವೇ ನೆನಪಿಟ್ಟುಕೊಳ್ಳಿ. ರೇಷನ್ ಕಾರ್ಡಿಗೆ ಓಟಿಪಿ ಬರುವ ಮೊಬೈಲ್ ನಂಬರ್ ಸರಿ ಇದೆಯಾ ನೋಡಿ. ನಮ್ಮ ಮನೆಯಲ್ಲಿ ಹಳೆಯ ಕೀಪ್ಯಾಡ್ ಫೋನಿನ ನಂಬರ್ ಇತ್ತು, ಅದರ ಸಿಮ್ಮೇ ಬಂದ್ ಆಗಿತ್ತು.

ಸಾಮಾನ್ಯ ಸಭೆ ನಮ್ಮಲ್ಲಿ ಸೆಪ್ಟೆಂಬರ್ ಹೊತ್ತಿಗೆ ನಡೆಯುತ್ತದೆ. ಆ ದಿನ ರಜೆ ಹಾಕಿ ಅಪ್ಪನನ್ನೋ ಅವ್ವನನ್ನೋ ಕರೆದುಕೊಂಡು ಹೋಗಿ ಕೂರಿಸಿ. ಓಟು ಉಳಿಸಿಕೊಳ್ಳಲು ಸಭೆಗೆ ಹೋಗುವುದೂ ಬೇಕು. ಈ ಸಲ ನಾನೂ ಅಪ್ಪನ ಜೊತೆ ಹೋಗುತ್ತಿದ್ದೇನೆ. ಹಿರಿಯ ಸದಸ್ಯರ ವಿಷಯ, ಬಿಪಿ ನೋಡುವ ಟೇಬಲ್, ಸೊಸೈಟಿ ಮೆಟ್ಟಿಲಿಗೆ ಕಂಬಿ ಮೂರನ್ನೂ ಬರೆದು ಅರ್ಜಿ ಸಿದ್ಧ ಮಾಡಿದ್ದೇನೆ. ಕಂಬಿಯ ಖರ್ಚು ಹೊರಲು ನಮ್ಮೂರ ವೆಲ್ಡಿಂಗ್ ಶಾಪಿನ ಹುಡುಗರು ಒಪ್ಪಿದ್ದಾರೆ. ಸೊಸೈಟಿಯವರು ಅನುಮತಿ ಕೊಟ್ಟರೆ ಸಾಕು.